ಡಿಶ್‌ವಾಶರ್‌ನಲ್ಲಿ ಗಾಜಿನ ಲೋಟ ಮಸುಕಾಯಿತೇ? ಉಪ್ಪು ಸುರಿಯುವ ಮೊದಲು ಬಾವಿಯ ನೀರು ನೋಡಿ

"ಡಿಶ್‌ವಾಶರ್ ಇಟ್ಟುಕೊಂಡವರು ತಪ್ಪದೇ ಓದಿ. ಲೋಟ ಬೆಳ್ಳಗಾಗುತ್ತಿದೆಯೇ? ಉಪ್ಪು ಜಾಸ್ತಿ ಮಾಡಿ. ಸೋಪಿನ ಪುಡಿ ಎರಡು ಪಾಲು ಹಾಕಿ. ಮೇಲಿಂದ ಒಂದು ಲೋಟ ವಿನೆಗರ್ ಸುರಿಯಿರಿ. ಕಂಪನಿಯವರು ಇದನ್ನು ಯಾವತ್ತೂ ಹೇಳುವುದಿಲ್ಲ. ಎಲ್ಲ ಗ್ರೂಪಿಗೂ ಕಳಿಸಿ."

ಇಂಥದ್ದೊಂದು ಸಂದೇಶ ನಿಮ್ಮ ಮನೆಯ ಗ್ರೂಪಿಗೂ ಬಂದಿರಬಹುದು. ನಮಗೆ ಇದು ಒಂದು ಪ್ರಶ್ನೆಯ ಜೊತೆಗೆ ಬಂತು. ಕಳಿಸಿದವರು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಒಬ್ಬ ಮಗಳು. ಅವರ ಅಮ್ಮ ಇರುವುದು ಪುಂಜಾಲಕಟ್ಟೆಯ ಹತ್ತಿರ. ಪಾತ್ರೆ ತೊಳೆದು ತೊಳೆದು ಅಮ್ಮನ ಕೈಯ ಚರ್ಮ ಬಿರುಕು ಬಿಡುತ್ತಿತ್ತು. ಹಾಗಾಗಿ ಮಗಳು ತನ್ನ ಫ್ಲ್ಯಾಟಿನಲ್ಲಿರುವ ಯಂತ್ರದಂಥದ್ದನ್ನೇ ಊರಿಗೂ ಕೊಡಿಸಿದರು. ಬೆಂಗಳೂರಿನಲ್ಲಿ ಲೋಟಗಳು ಬೆಳ್ಳಗಾದಾಗ ಉಪ್ಪು, ಪುಡಿ, ವಿನೆಗರ್ ಉಪಾಯ ಕೆಲಸ ಮಾಡಿತ್ತು. ಊರಿನಲ್ಲೂ ಲೋಟ ಮಸುಕಾಗತೊಡಗಿದಾಗ ಅದನ್ನೇ ಮಾಡಲು ಅಮ್ಮನಿಗೆ ಹೇಳಿದರು. ಮೂರು ತಿಂಗಳಲ್ಲಿ ಲೋಟಗಳು ಇನ್ನಷ್ಟು ಮಸುಕಾದವು. ಯಂತ್ರ ಹಾಳಾಗಿದೆ ಎಂದುಕೊಂಡ ಅಮ್ಮ ಮಗಳಿಗೆ ಬೇಜಾರಾಗಬಾರದೆಂದು ಸುಮ್ಮನಿದ್ದು, ಮತ್ತೆ ಕೈಯಲ್ಲೇ ತೊಳೆಯಲು ಶುರು ಮಾಡಿದರು.

ಒಂದೇ ಥರದ ಯಂತ್ರ, ಒಂದೇ ಉಪಾಯ. ಅಲ್ಲಿ ಸರಿಹೋದದ್ದು ಇಲ್ಲಿ ಯಾಕೆ ಕೆಟ್ಟಿತು? ಉತ್ತರ ಇರುವುದು ಯಂತ್ರದಲ್ಲಿ ಅಲ್ಲ, ನೀರಿನಲ್ಲಿ.

ನಮ್ಮ ತೀರ್ಮಾನ: ಸಂದೇಶ ಅರ್ಧ ಸತ್ಯ. ಗಡಸು ನೀರಿನ ಮನೆಗೆ ಅದರ ಒಂದು ಭಾಗ ಸರಿ. ಕರಾವಳಿಯ ಮೆದು ನೀರಿನ ಮನೆಗೆ ಅದು ನಷ್ಟ.

ಬಿಳಿ ಮಸುಕು ಒಂದಲ್ಲ, ಎರಡು

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಿದ್ದರೆ ಅದನ್ನು ಗಡಸು ನೀರು ಎನ್ನುತ್ತೇವೆ. ಕಡಿಮೆ ಇದ್ದರೆ ಮೆದು ನೀರು. ಲೆಕ್ಕದಲ್ಲಿ ಹೇಳುವುದಾದರೆ ಲೀಟರಿಗೆ 60 ಮಿಲಿಗ್ರಾಂ ತನಕ ಮೆದು, 120 ದಾಟಿದರೆ ಗಡಸು, 180 ದಾಟಿದರೆ ತುಂಬಾ ಗಡಸು ಎಂಬುದು ಸಾಮಾನ್ಯ ವರ್ಗೀಕರಣ. ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500, 2012ರ ಪ್ರಕಾರ 200 ಮಿಲಿಗ್ರಾಂ ಅಪೇಕ್ಷಿತ ಮಿತಿ. ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರ ತನಕ ಒಪ್ಪಬಹುದು. ಅಂದರೆ ಕುಡಿಯಲು ಅಡ್ಡಿಯಿಲ್ಲದ ನೀರೂ ಡಿಶ್‌ವಾಶರ್‌ಗೆ ತುಂಬಾ ಗಡಸಾಗಿರಬಹುದು.

ಬೆಂಗಳೂರಿನ ಬಹಳಷ್ಟು ಅಪಾರ್ಟ್‌ಮೆಂಟ್‌ಗಳು ಬೋರ್‌ವೆಲ್ ಮತ್ತು ಟ್ಯಾಂಕರ್ ನೀರನ್ನು ನಂಬಿವೆ. ಈ ನೀರು ಹೆಚ್ಚಾಗಿ ಗಡಸು. ಅದು ಬಿಸಿಯಾಗಿ ಒಣಗಿದಾಗ ಲವಣ ಲೋಟದ ಮೇಲೆ ಸುಣ್ಣದ ಪದರವಾಗಿ ಕೂರುತ್ತದೆ. ಇದು ಮೊದಲನೇ ಮಸುಕು. ಇದು ಲೋಟದ ಮೇಲಿನ ಕೊಳೆ ಮಾತ್ರ, ಹಾಗಾಗಿ ಹೋಗುತ್ತದೆ.

ದಕ್ಷಿಣ ಕನ್ನಡದ ಕಥೆ ಬೇರೆ. ಇಲ್ಲಿ ವರ್ಷಕ್ಕೆ ಸರಾಸರಿ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಮುರಕಲ್ಲಿನ ನೆಲದೊಳಗಿನ ಲವಣಗಳನ್ನು ಈ ಮಳೆ ಯಾವತ್ತೋ ತೊಳೆದುಕೊಂಡು ಹೋಗಿದೆ. ಹಾಗಾಗಿ ತೆರೆದ ಬಾವಿಯ ನೀರು ಸಾಮಾನ್ಯವಾಗಿ ಮೆದು, ಕೆಲವೆಡೆ ಸ್ವಲ್ಪ ಆಮ್ಲೀಯ. ಇಂಥ ನೀರಿಗೆ ಸೋಪಿನ ಪುಡಿ ಹೆಚ್ಚು ಹಾಕಿದರೆ ಎರಡನೇ ಮಸುಕು ಬರುತ್ತದೆ.

ಡಿಶ್‌ವಾಶರ್ ಪುಡಿ ಕೈತೊಳೆಯುವ ಸೋಪಿನಂತಲ್ಲ, ಅದು ತೀಕ್ಷ್ಣ ಕ್ಷಾರ. ಅದರಲ್ಲಿ ನೀರಿನ ಕ್ಯಾಲ್ಸಿಯಂ ಹಿಡಿದುಕೊಳ್ಳುವ ಪದಾರ್ಥಗಳೂ ಇರುತ್ತವೆ. ಗಡಸು ನೀರಿನಲ್ಲಿ ಅವಕ್ಕೆ ಕೆಲಸ ಇದೆ. ಮೆದು ನೀರಿನಲ್ಲಿ ಹಿಡಿಯಲು ಏನೂ ಇಲ್ಲ. ಉಳಿದ ಕ್ಷಾರ, ಬಿಸಿ ನೀರಿನ ಜೊತೆ ಸೇರಿ, ಗಾಜನ್ನೇ ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳು ಬಿದ್ದು ಲೋಟ ಮಂಜು ಕವಿದಂತೆ ಆಗುತ್ತದೆ. ಇದು ಕೊಳೆಯಲ್ಲ, ಗಾಜಿನ ಸವೆತ. ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಪುಂಜಾಲಕಟ್ಟೆಯ ಅಮ್ಮ ಎರಡು ಪಾಲು ಪುಡಿ ಹಾಕಿದಾಗ ಆದದ್ದು ಇದು. ಕೊಳೆ ಎಂದುಕೊಂಡು ಔಷಧ ಹೆಚ್ಚಿಸಿದಷ್ಟೂ ಗಾಜು ಸವೆಯಿತು.

ಎರಡು ನಿಮಿಷದ ಕೆಲಸ, ಎರಡು ಪರೀಕ್ಷೆ

ಲೋಟದ ಪರೀಕ್ಷೆ: ಮಸುಕಾದ ಒಂದು ಗಾಜಿನ ಲೋಟದ ಮೇಲೆ ಲಿಂಬೆರಸ ಅಥವಾ ವಿನೆಗರ್ ಹಚ್ಚಿ ಹತ್ತು ನಿಮಿಷ ಬಿಡಿ. ತೊಳೆದು, ಒರೆಸಿ, ಬೆಳಕಿಗೆ ಹಿಡಿಯಿರಿ. ಹಚ್ಚಿದ ಜಾಗ ಹೊಳೆದರೆ ಅದು ಸುಣ್ಣ, ನಿಮ್ಮ ನೀರು ಗಡಸು. ಏನೂ ಬದಲಾಗದಿದ್ದರೆ ಗಾಜು ಸವೆದಿದೆ. ಬೆರಳಿನಿಂದ ತಿಕ್ಕಿದಾಗಲೇ ಜಿಡ್ಡಾಗಿ ಬಂದರೆ ಎರಡೂ ಅಲ್ಲ, ಪುಡಿ ಸಾಲಲಿಲ್ಲ ಅಥವಾ ಫಿಲ್ಟರ್ ಕಟ್ಟಿದೆ.

ನೀರಿನ ಪರೀಕ್ಷೆ: ಮುಚ್ಚಳ ಇರುವ ಬಾಟಲಿಯಲ್ಲಿ ಅರ್ಧ ನೀರು ತುಂಬಿ. ಮಾಮೂಲಿ ಮೈಸೋಪನ್ನು ಸ್ವಲ್ಪ ತುರಿದು ಹಾಕಿ ಚೆನ್ನಾಗಿ ಕುಲುಕಿ. ಮೇಲೆ ದಪ್ಪ ನೊರೆ ಬಂದು ಕೆಳಗಿನ ನೀರು ತಿಳಿಯಾಗಿದ್ದರೆ ಮೆದು ನೀರು. ನೊರೆ ಕಡಿಮೆಯಾಗಿ ನೀರು ಹಾಲಿನಂತೆ ಕದಡಿದರೆ ಗಡಸು. ಶಾಂಪೂ ಅಥವಾ ಪಾತ್ರೆ ತೊಳೆಯುವ ಲಿಕ್ವಿಡ್ ಬಳಸಬೇಡಿ, ಅವು ಗಡಸು ನೀರಿನಲ್ಲೂ ನೊರೆ ಬರುತ್ತವೆ. ಚಹಾ ಕೆಟಲ್ ಅಥವಾ ನೀರು ಕಾಯಿಸುವ ಪಾತ್ರೆಯ ತಳ ನೋಡಿದರೂ ಸಾಕು. ವರ್ಷಗಟ್ಟಲೆ ಬಳಸಿದ ಮೇಲೂ ಬಿಳಿ ಪೊರೆ ಕಟ್ಟಿಲ್ಲವಾದರೆ ನೀರು ಹೆಚ್ಚಾಗಿ ಮೆದು.

ಸರಿಯಾದ ಅಂಕಿ ಬೇಕಿದ್ದರೆ ನೀರಿನ ಗಡಸುತನ ಅಳೆಯುವ ಪಟ್ಟಿಗಳು ಸಿಗುತ್ತವೆ. ಜಲ ಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಗಳಿಗೆ ನೀರು ಪರೀಕ್ಷೆಯ ಕಿಟ್ ಮತ್ತು ಪ್ರಯೋಗಾಲಯದ ವ್ಯವಸ್ಥೆ ಮಾಡಲಾಗಿದೆ, ಪಂಚಾಯತ್‌ನಲ್ಲಿ ವಿಚಾರಿಸಿ. ಟಿಡಿಎಸ್ ಮೀಟರ್ ಒಂದನ್ನೇ ನಂಬಬೇಡಿ. ಅದು ಕರಗಿದ ಎಲ್ಲ ಲವಣವನ್ನೂ ಒಟ್ಟಾಗಿ ತೋರಿಸುತ್ತದೆ, ಗಡಸುತನವನ್ನು ಬೇರೆಯಾಗಿ ಹೇಳುವುದಿಲ್ಲ.

ಒಂದು ಎಚ್ಚರಿಕೆ. "ದಕ್ಷಿಣ ಕನ್ನಡ ಅಂದರೆ ಮೆದು ನೀರು" ಎಂದು ಕಣ್ಣು ಮುಚ್ಚಿ ಹೇಳುವಂತಿಲ್ಲ. ಒಂದೇ ಅಂಗಳದ ಬಾವಿಗೂ ಬೋರ್‌ವೆಲ್‌ಗೂ ವ್ಯತ್ಯಾಸ ಇರುತ್ತದೆ. ಬೇಸಗೆಯಲ್ಲಿ ಬಾವಿ ತಳ ಕಂಡಾಗ ನೀವು ಬೋರ್‌ವೆಲ್‌ಗೆ ಬದಲಾದರೆ ಆಗ ಇನ್ನೊಮ್ಮೆ ಪರೀಕ್ಷಿಸಿ.

ಹಾಗಾದರೆ ಉಪ್ಪು ಬೇಕೇ ಬೇಡವೇ?

ಉಪ್ಪು ಪಾತ್ರೆ ತೊಳೆಯುವುದಿಲ್ಲ. ಯಂತ್ರದ ತಳದಲ್ಲಿ ನೀರನ್ನು ಮೆದು ಮಾಡುವ ಒಂದು ಡಬ್ಬಿ ಇದೆ. ಅದರೊಳಗಿನ ರಾಳದ ಸಣ್ಣ ಮಣಿಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಗಳು ತುಂಬಿಹೋದಾಗ ಉಪ್ಪು ನೀರು ಹಾಯಿಸಿ ಅವನ್ನು ಮತ್ತೆ ಸಜ್ಜು ಮಾಡಬೇಕು. ಉಪ್ಪಿನ ಕೆಲಸ ಇಷ್ಟೇ.

ನೀರು ಮೊದಲೇ ಮೆದುವಾಗಿದ್ದರೆ ಈ ಡಬ್ಬಿಗೆ ಕೆಲಸವೇ ಇಲ್ಲ. ಯಂತ್ರದಲ್ಲಿ ಗಡಸುತನದ ಸೆಟ್ಟಿಂಗ್ ಇರುತ್ತದೆ. ಮೆದು ನೀರಿನ ಮನೆಯವರು ಅದನ್ನು ಅತಿ ಕೆಳಗಿನ ಮಟ್ಟಕ್ಕೆ ಇಡಬೇಕು. ಹಲವು ಯಂತ್ರಗಳಲ್ಲಿ ಆ ಮಟ್ಟದಲ್ಲಿ ಉಪ್ಪು ಹಾಕುವ ಅಗತ್ಯವೇ ಇಲ್ಲ. ಸುಮ್ಮನೆ ಮೇಲಿನ ಮಟ್ಟಕ್ಕೆ ಇಟ್ಟರೆ ಯಂತ್ರ ಮತ್ತೆ ಮತ್ತೆ ಮಣಿ ತೊಳೆಯುತ್ತಾ ಉಪ್ಪು, ನೀರು ಎರಡನ್ನೂ ದಂಡ ಮಾಡುತ್ತದೆ. ಹೊಸ ಯಂತ್ರ ಜೋಡಿಸಲು ಬಂದವರು ಈ ಸೆಟ್ಟಿಂಗನ್ನು ಕಾರ್ಖಾನೆಯಿಂದ ಬಂದ ಹಾಗೆಯೇ ಬಿಟ್ಟು ಹೋಗಬಹುದು. ಕೈಪಿಡಿ ತೆಗೆದು ನೀವೇ ನೋಡಿ.

"ಅಂಗಡಿ ಉಪ್ಪು ಯಾಕೆ, ಮನೆಯ ಕಲ್ಲುಪ್ಪು ಹಾಕಿದರಾಯಿತು" ಎಂಬ ಸಂದೇಶವೂ ಇದೆ. ಇದು ತಪ್ಪು. ಸಮುದ್ರದ ಕಲ್ಲುಪ್ಪಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಮತ್ತು ಕರಗದ ಕಶ್ಮಲ ಇರುತ್ತದೆ. ಯಾವುದನ್ನು ತೆಗೆಯಬೇಕೋ ಅದನ್ನೇ ಹಾಕಿದಂತಾಯಿತು. ಪುಡಿ ಉಪ್ಪಿನಲ್ಲಿ ಅಯೋಡಿನ್ ಮತ್ತು ಗಂಟು ಕಟ್ಟದಂತೆ ಸೇರಿಸಿದ ಪದಾರ್ಥಗಳಿವೆ, ಜೊತೆಗೆ ಸಣ್ಣ ಕಣಗಳು ಒತ್ತೊತ್ತಾಗಿ ಕೂತು ದಾರಿ ಕಟ್ಟುತ್ತವೆ. ಬೇಕಾದವರು ಡಿಶ್‌ವಾಶರ್ ಉಪ್ಪನ್ನೇ ಹಾಕಿ. ಬೇಡದವರು ಯಾವುದನ್ನೂ ಹಾಕಬೇಡಿ.

ಮಾತ್ರೆಯೋ ಪುಡಿಯೋ?

ಎಲ್ಲ ಸೇರಿರುವ ಮಾತ್ರೆ ಸುಲಭ, ಆದರೆ ಅದರ ಅಳತೆ ಬದಲಿಸಲಾಗದು. ಮೆದು ನೀರಿನ ಮನೆಗೆ ಪುಡಿಯೇ ಮೇಲು. ಪೊಟ್ಟಣದಲ್ಲಿ ಬರೆದ ಕಡಿಮೆ ಅಳತೆಯಿಂದ ಶುರು ಮಾಡಿ. ಪಾತ್ರೆ ಸ್ವಚ್ಛವಾದರೆ ಅಲ್ಲಿಗೇ ನಿಲ್ಲಿಸಿ. ಗಾಜಿನ ಲೋಟಗಳಿಗೆ ಕಡಿಮೆ ಬಿಸಿಯ ಪ್ರೋಗ್ರಾಂ ಇಡಿ, ಎಣ್ಣೆ ಬಾಣಲೆಯ ಜೊತೆ 70 ಡಿಗ್ರಿಯಲ್ಲಿ ಹಾಕಬೇಡಿ.

ಮಳೆಗಾಲದಲ್ಲಿ ಪುಡಿ ಗಟ್ಟಿಯಾಗುತ್ತದೆ, ಮಾತ್ರೆಗಳು ಒಂದಕ್ಕೊಂದು ಅಂಟುತ್ತವೆ. ಗಾಳಿಯಾಡದ ಡಬ್ಬಿಯಲ್ಲಿಡಿ. ಆ ಡಬ್ಬಿ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿರಲಿ. ಬಣ್ಣದ ಮಾತ್ರೆಗಳು ಮಿಠಾಯಿಯಂತೆ ಕಾಣುತ್ತವೆ, ಬಾಯಿ ಮತ್ತು ಅನ್ನನಾಳವನ್ನು ಸುಡುತ್ತವೆ. ಮಗು ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಬೇಡಿ. ಬಾಯಿ ಒರೆಸಿ, ನೀರಿನಿಂದ ತೊಳೆದು, ಪೊಟ್ಟಣದ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪಾತ್ರೆ ತೊಳೆಯುವ ಮಾಮೂಲಿ ಲಿಕ್ವಿಡ್ ಒಂದು ಚಮಚ ಹಾಕಿದರೂ ಯಂತ್ರದ ತುಂಬ ನೊರೆ ಎದ್ದು ಬಾಗಿಲಿನಿಂದ ಹೊರಬರಬಹುದು. ಹಾಗಾದರೆ ಯಂತ್ರ ನಿಲ್ಲಿಸಿ, ಪಾತ್ರೆ ತೆಗೆದು, ನೊರೆ ಬಳಿದು ತೆಗೆಯಿರಿ. ನಂತರ ನೀರು ಹೊರಹಾಕಿಸಿ, ಬರೀ ತೊಳೆಯುವ ಪ್ರೋಗ್ರಾಂನಲ್ಲಿ ಖಾಲಿ ಓಡಿಸಿ.

ವಿನೆಗರ್, ಬ್ಲೀಚ್, ರಿನ್ಸ್ ಏಡ್

ಗಡಸು ನೀರಿನ ಮನೆಯಲ್ಲಿ ಅಪರೂಪಕ್ಕೆ ಸುಣ್ಣ ತೆಗೆಯಲು ಸಿಟ್ರಿಕ್ ಆಮ್ಲ ಇರುವ ಮೆಷಿನ್ ಕ್ಲೀನರ್ ಬಳಸುವುದು ಸರಿ. ಪ್ರತಿ ಸಲ ವಿನೆಗರ್ ಸುರಿಯುವುದು, ರಿನ್ಸ್ ಏಡ್ ಜಾಗದಲ್ಲಿ ಅದನ್ನೇ ತುಂಬುವುದು ಬೇಡ. ಆಮ್ಲ ರಬ್ಬರಿನ ಭಾಗಗಳನ್ನು ಕ್ರಮೇಣ ಹಾಳು ಮಾಡಬಹುದು. ಮೆದು ನೀರಿನ ಮನೆಯಲ್ಲಿ ತೆಗೆಯಲು ಸುಣ್ಣವೇ ಇಲ್ಲ.

ಬ್ಲೀಚ್ ಮಾತ್ರ ಯಾವ ಕಾರಣಕ್ಕೂ ಬೇಡ. ಅದು ಸ್ಟೀಲನ್ನು ಕೊರೆಯುತ್ತದೆ. ವಿನೆಗರ್ ಅಥವಾ ಲಿಂಬೆಯ ಜೊತೆ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ. "ಎರಡನ್ನೂ ಬೆರೆಸಿ" ಎನ್ನುವ ಸಂದೇಶ ಬಂದರೆ ಅಲ್ಲಿಗೇ ಅಳಿಸಿಬಿಡಿ.

"ರಿನ್ಸ್ ಏಡ್‌ನಿಂದ ಕ್ಯಾನ್ಸರ್" ಎಂಬ ಮಾತಿನ ಹಿಂದೆ ತಿರುಚಿದ ಒಂದು ಅಧ್ಯಯನ ಇದೆ. ಸ್ವಿಟ್ಜರ್ಲೆಂಡಿನ ಅಲರ್ಜಿ ಮತ್ತು ಅಸ್ತಮಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2022ರ ಕೊನೆಯಲ್ಲಿ ಅದನ್ನು ಪ್ರಕಟಿಸಿದರು. ರಿನ್ಸ್ ಏಡ್‌ನಲ್ಲಿರುವ ಆಲ್ಕೋಹಾಲ್ ಎಥಾಕ್ಸಿಲೇಟ್ ಎಂಬ ಪದಾರ್ಥ ಪ್ರಯೋಗಾಲಯದಲ್ಲಿ ಬೆಳೆಸಿದ ಕರುಳಿನ ಕೋಶಗಳ ತಡೆಗೋಡೆಯನ್ನು ಹಾನಿಗೊಳಿಸಿತು ಎಂಬುದು ಅವರ ಫಲಿತಾಂಶ. ಅವರ ಮುಖ್ಯ ಕಾಳಜಿ ಹೋಟೆಲು, ಕ್ಯಾಂಟೀನುಗಳಲ್ಲಿ ಕೆಲವೇ ನಿಮಿಷದಲ್ಲಿ ತೊಳೆದು ಮುಗಿಸುವ ವಾಣಿಜ್ಯ ಯಂತ್ರಗಳು. ಪರೀಕ್ಷೆ ನಡೆದದ್ದು ಕೋಶಗಳ ಮೇಲೆ, ಮನುಷ್ಯರ ಮೇಲೆ ಅಲ್ಲ. ಕ್ಯಾನ್ಸರ್ ಬರುತ್ತದೆ ಎಂದು ಅದು ಹೇಳಿಲ್ಲ. ಹಾಗೆಂದು ತಳ್ಳಿಹಾಕಲೂ ಬೇಕಿಲ್ಲ. ರಿನ್ಸ್ ಏಡ್ ಪ್ರಮಾಣ ಹೊಂದಿಸುವ ವ್ಯವಸ್ಥೆ ಯಂತ್ರದಲ್ಲೇ ಇದೆ. ಮೆದು ನೀರಿಗೆ ಕಡಿಮೆ ಸಾಕು, ಕಡಿಮೆಗೆ ಇಡಿ.

ಕೆಟ್ಟಿತು ಅನ್ನುವ ಮೊದಲು

ಈ ಯಂತ್ರದ ಹುಟ್ಟು ತಟ್ಟೆ ಬಟ್ಟಲು ತೊಳೆಯಲು. ಅಮೆರಿಕದ ಜೋಸೆಫೀನ್ ಕಾಕ್ರನ್ 1886ರಲ್ಲಿ ಇದಕ್ಕೆ ಪೇಟೆಂಟ್ ಪಡೆದಾಗ ಅವರ ಕಣ್ಣ ಮುಂದೆ ಇದ್ದದ್ದು ಪಿಂಗಾಣಿ. ನಮ್ಮ ಅಡುಗೆಮನೆಯ ಒಗ್ಗರಣೆ, ತೆಂಗಿನ ತುರಿ, ಕುಚ್ಚಲಕ್ಕಿ ಗಂಜಿ ಅದಕ್ಕೆ ಹೊಸತು. ಇಲ್ಲಿನ ಬಹಳಷ್ಟು ತೊಂದರೆ ಬರುವುದು ಅಲ್ಲಿಂದಲೇ.

ಪಾತ್ರೆ ಸರಿಯಾಗಿ ತೊಳೆಯುವುದಿಲ್ಲ: ನೀರು ಚಿಮ್ಮುವ ತಿರುಗುವ ತೋಳನ್ನು ಕಳಚಿ ಬೆಳಕಿಗೆ ಹಿಡಿಯಿರಿ. ತೂತುಗಳಲ್ಲಿ ಸಾಸಿವೆ, ಜೀರಿಗೆ ಸಿಕ್ಕಿಕೊಂಡಿರುತ್ತದೆ. ಕಡ್ಡಿಯಿಂದ ತೆಗೆದು ನಲ್ಲಿಗೆ ಹಿಡಿಯಿರಿ. ಬಟ್ಟಲೊಳಗೆ ಬಟ್ಟಲು ಇಡಬೇಡಿ, ಬಾಯಿ ಕೆಳಮುಖವಾಗಿರಲಿ. ದೊಡ್ಡ ಪಾತ್ರೆ ತೋಳಿಗೆ ತಾಗುತ್ತದೆಯೇ ಎಂದು ಕೈಯಿಂದ ತಿರುಗಿಸಿ ನೋಡಿ.

ತಳದಲ್ಲಿ ನೀರು ನಿಂತಿದೆ: ಫಿಲ್ಟರ್ ಕಳಚಿ. ಕುಚ್ಚಲಕ್ಕಿಯ ಅಗುಳು, ಕರಿಬೇವು, ತೆಂಗಿನ ತುರಿ ಸಿಗಬಹುದು. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ದಿನಾ ಬಳಸುವವರು ವಾರಕ್ಕೊಮ್ಮೆ ಇದನ್ನು ಮಾಡಲೇಬೇಕು. ಆಮೇಲೂ ನೀರು ಹೋಗದಿದ್ದರೆ ಹಿಂದಿನ ಪೈಪ್ ಮಡಚಿದೆಯೇ ನೋಡಿ.

ನೀರು ಬರುವುದಿಲ್ಲ: ನಲ್ಲಿ ಪೂರ್ತಿ ತೆರೆದಿದೆಯೇ ನೋಡಿ. ನೀರು ಬರುವ ಪೈಪಿನ ತುದಿಯಲ್ಲಿ ಸಣ್ಣ ಜಾಲರಿ ಇದೆ. ಮಳೆಗಾಲದಲ್ಲಿ ಬಾವಿ ಕದಡಿದಾಗ ಕೆಂಪು ಮಣ್ಣು ಅಲ್ಲಿ ಕಟ್ಟುತ್ತದೆ.

ಕೆಟ್ಟ ವಾಸನೆ: ಮೀನಿನ ಗಸಿಯ ಪಾತ್ರೆಯನ್ನು ಎರಡು ದಿನ ಒಳಗಿಟ್ಟರೆ ವಾಸನೆ ಬಾರದಿರುತ್ತದೆಯೇ? ಅರ್ಧ ತುಂಬಿದ್ದರೂ ರಾತ್ರಿ ಓಡಿಸಿ, ಅಥವಾ ಬರೀ ನೀರಿನಲ್ಲಿ ಜಾಲಾಡಿಸುವ ಪ್ರೋಗ್ರಾಂ ಇಡಿ. ಬಾಗಿಲಿನ ರಬ್ಬರಿನ ಕೆಳ ಅಂಚು ಒರೆಸಿ. ಬಳಸದಾಗ ಬಾಗಿಲು ಸ್ವಲ್ಪ ತೆರೆದಿರಲಿ. ತಿಂಗಳಿಗೊಮ್ಮೆ ಖಾಲಿ ಯಂತ್ರವನ್ನು ಅತಿ ಬಿಸಿ ಪ್ರೋಗ್ರಾಂನಲ್ಲಿ ಓಡಿಸಿ. ಒಳಗೆ ಕಟ್ಟಿದ ತೆಂಗಿನೆಣ್ಣೆಯ ಜಿಡ್ಡು ಕರಗುತ್ತದೆ.

ಸ್ಟೀಲಿನ ಮೇಲೆ ತುಕ್ಕಿನ ಚುಕ್ಕೆ: ಸ್ಟೀಲ್ ಪಾತ್ರೆ ತಾನಾಗಿ ತುಕ್ಕು ಹಿಡಿಯುವುದು ಅಪರೂಪ. ಜೊತೆಗೆ ಕಬ್ಬಿಣದ ಕಾವಲಿ ಹಾಕಿರಬಹುದು, ಇಲ್ಲವೇ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇರಬಹುದು. ಬಕೆಟ್‌ನಲ್ಲಿ ಒಂದು ರಾತ್ರಿ ಇಟ್ಟ ನೀರು ಕೆಂಪಗಾದರೆ ಕಾರಣ ನೀರೇ.

ಪ್ಲಾಸ್ಟಿಕ್ ಒಣಗುವುದಿಲ್ಲ: ಇದು ದೋಷ ಅಲ್ಲ. ಸ್ಟೀಲ್, ಪಿಂಗಾಣಿ ಬಿಸಿ ಹಿಡಿದಿಟ್ಟು ನೀರು ಆರಿಸುತ್ತವೆ, ಪ್ಲಾಸ್ಟಿಕ್ ಬೇಗ ತಣಿಯುತ್ತದೆ. ಬಟ್ಟೆಯಲ್ಲಿ ಒರೆಸಿ.

ಯಂತ್ರ ಮುಟ್ಟಿದಾಗ ಜುಮ್ ಎಂದರೆ, ಮೇನ್ ಟ್ರಿಪ್ ಆದರೆ, ಸುಟ್ಟ ವಾಸನೆ ಬಂದರೆ ಮಾತ್ರ ಯಾವ ವಿಡಿಯೋವನ್ನೂ ನೋಡಿ ಬಿಚ್ಚಬೇಡಿ. ಮೇನ್ ಸ್ವಿಚ್ ಆಫ್ ಮಾಡಿ ತಿಳಿದವರನ್ನು ಕರೆಯಿರಿ.

ಯಾವುದನ್ನು ಒಳಗೆ ಹಾಕಬಾರದು

ದೋಸೆಯ ಕಬ್ಬಿಣದ ಕಾವಲಿ, ಮೀನು ಸಾರಿನ ಮಣ್ಣಿನ ಪಾತ್ರೆ, ಮರದ ಮತ್ತು ಗೆರಟೆಯ ಸೌಟು, ಹಿತ್ತಾಳೆ, ತಾಮ್ರ, ಕಂಚು, ಬೆಳ್ಳಿಯ ಪೂಜೆಯ ಸಾಮಾನು ಬೇಡ. ಅಲ್ಯೂಮಿನಿಯಂ ಪಾತ್ರೆ ಮತ್ತು ಕುಕ್ಕರ್ ಕ್ಷಾರಕ್ಕೆ ಕಪ್ಪಾಗುತ್ತದೆ. ಸ್ಟೀಲಿನ ಕುಕ್ಕರ್ ಹಾಕಬಹುದು, ಆದರೆ ರಬ್ಬರ್ ರಿಂಗ್ ಮತ್ತು ವಿಶಲ್ ತೆಗೆದಿಟ್ಟು ಕೈಯಲ್ಲೇ ತೊಳೆಯಿರಿ. ಚೂರಿಯ ಮೊನೆ ಕೆಳಗಿರಲಿ.

ಹಾಕುವ ಮೊದಲು ನಲ್ಲಿಯಡಿ ತೊಳೆಯಬೇಕಿಲ್ಲ. ಎಲುಬು, ಮುಳ್ಳು, ಕರಿಬೇವು ಕೆರೆದು ತೆಗೆದರೆ ಸಾಕು. ತೊಳೆದೇ ಹಾಕುವುದಾದರೆ ನೀರಿನ ಉಳಿತಾಯದ ಲೆಕ್ಕ ಅಲ್ಲಿಗೆ ಮುಗಿಯಿತು.

ನೀರು ಉಳಿಯುತ್ತದೆ ಎಂಬುದು ನಿಜವೇ?

ಜರ್ಮನಿಯ ಬಾನ್ ವಿಶ್ವವಿದ್ಯಾಲಯದವರು ಯುರೋಪಿನ ಬೇರೆ ಬೇರೆ ದೇಶದವರಿಂದ 12 ಮಂದಿ ಉಂಡ ಪಾತ್ರೆಗಳನ್ನು ಕೈಯಲ್ಲಿ ತೊಳೆಸಿ ಅಳೆದರು. ಸರಾಸರಿ ಸುಮಾರು 100 ಲೀಟರ್ ನೀರು ಖರ್ಚಾಯಿತು. ಇಂದಿನ ಯಂತ್ರಗಳ ಇಕೋ ಪ್ರೋಗ್ರಾಂ 10 ಲೀಟರ್ ಆಸುಪಾಸಿನಲ್ಲಿ ಮುಗಿಸುತ್ತದೆ, ವಿದ್ಯುತ್ ಹೆಚ್ಚುಕಮ್ಮಿ ಒಂದು ಯುನಿಟ್. ಜಾಹೀರಾತುಗಳು ಹೇಳುವ ದೊಡ್ಡ ಉಳಿತಾಯ ಇಂಥ ಹೋಲಿಕೆಯಿಂದ ಬಂದದ್ದು.

ಆದರೆ ನಲ್ಲಿ ಬಿಟ್ಟು ತೊಳೆಯದೆ, ಎರಡು ಬಕೆಟ್ ನೀರಿಟ್ಟುಕೊಂಡು ತೊಳೆಯುವ ಮನೆಗೆ ಈ ಲೆಕ್ಕ ಹೊಂದುವುದಿಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ 2020ರ ಅಧ್ಯಯನದಲ್ಲೂ, ಎರಡು ತೊಟ್ಟಿಗಳಲ್ಲಿ ನೆನೆಸಿ ಜಾಲಾಡಿಸುವ ಕೈತೊಳೆತಕ್ಕೆ ಯಂತ್ರಕ್ಕಿಂತ ಕಡಿಮೆ ಇಂಗಾಲ ಹೊರಬಿದ್ದಿತು. ನಮ್ಮ ಅಜ್ಜಿಯಂದಿರು ಬೂದಿ, ತೆಂಗಿನ ನಾರು ಮತ್ತು ಒಂದು ಕೊಡ ನೀರಿನಲ್ಲಿ ಮಾಡಿದ್ದು ಕಡಿಮೆ ಖರ್ಚಿನ ಕೆಲಸವೇ. ಖರ್ಚಾದದ್ದು ಅವರ ಸೊಂಟ ಮತ್ತು ಕೈ. ಯಂತ್ರ ಕೊಳ್ಳಲು ಅದೇ ಸಾಕಷ್ಟು ದೊಡ್ಡ ಕಾರಣ, ನೀರಿನ ನೆಪ ಬೇಕಿಲ್ಲ.

ತೊಳೆದ ನೀರು ಎಲ್ಲಿಗೆ?

ಕರಾವಳಿಯಲ್ಲಿ ಪಾತ್ರೆ ತೊಳೆದ ನೀರು ಬಚ್ಚಲ ಹಿಂದಿನ ಬಸಳೆ ಚಪ್ಪರಕ್ಕೋ ಬಾಳೆಯ ಬುಡಕ್ಕೋ ಹೋಗುವುದು ರೂಢಿ. ಡಿಶ್‌ವಾಶರ್‌ನ ನೀರು ಬಿಸಿ, ಕ್ಷಾರ ಮತ್ತು ಸೋಡಿಯಂ ಇರುವಂಥದ್ದು. ಒಂದೇ ಗಿಡದ ಬುಡಕ್ಕೆ ದಿನಾ ಬಿಡಬೇಡಿ. ಅದಕ್ಕಿಂತ ಮುಖ್ಯ, ಬಾವಿಯ ಹತ್ತಿರ ಬಿಡಬೇಡಿ. ಮುರಕಲ್ಲು ತೂತು ತೂತಾದ ಕಲ್ಲು, ಮೇಲೆ ಬಿಟ್ಟ ನೀರು ಬೇಗ ಕೆಳಗಿಳಿಯುತ್ತದೆ. ಬಾವಿಯಿಂದ ದೂರ, ಇಳಿಜಾರಿನ ಕೆಳಬದಿಯ ಇಂಗುಗುಂಡಿಗೆ ಪೈಪ್ ಹಾಕಿಸಿ.

ಕೊಳ್ಳುವ ಮೊದಲು ಐದು ಪ್ರಶ್ನೆ

1. ನೀರಿನ ಒತ್ತಡ ಇದೆಯೇ? ಬಹಳಷ್ಟು ಯಂತ್ರಗಳಿಗೆ ಕನಿಷ್ಠ 0.5 ಬಾರ್ ಒತ್ತಡ ಬೇಕು. ಅಂದರೆ ಟ್ಯಾಂಕಿನ ನೀರಿನ ಮಟ್ಟ ಯಂತ್ರಕ್ಕಿಂತ ಸುಮಾರು 5 ಮೀಟರ್ ಎತ್ತರದಲ್ಲಿರಬೇಕು. ಒಂದಂತಸ್ತಿನ ಮನೆಯ ತಾರಸಿಯ ಟ್ಯಾಂಕಿಗೆ ಅಷ್ಟು ಎತ್ತರ ಇರುವುದಿಲ್ಲ. ಅಡುಗೆಮನೆಯ ನಲ್ಲಿಯಲ್ಲಿ ಒಂದು ನಿಮಿಷಕ್ಕೆ 10 ಲೀಟರಿನ ಬಕೆಟ್ ತುಂಬುತ್ತದೆಯೇ ನೋಡಿ. ತುಂಬದಿದ್ದರೆ ಟ್ಯಾಂಕ್ ಎತ್ತರಿಸಬೇಕು ಅಥವಾ ಸಣ್ಣ ಪಂಪ್ ಬೇಕು. ಕಡಿಮೆ ಒತ್ತಡಕ್ಕೆ ಹೊಂದುವ ಮಾದರಿ ಇದೆಯೇ ಎಂದು ಕೈಪಿಡಿ ನೋಡಿ ಕೇಳಿ.

2. ವೈರಿಂಗ್ ಸರಿಯಿದೆಯೇ? ನೀರು ಕಾಯಿಸುವಾಗ ಯಂತ್ರ ಸುಮಾರು 2,000 ವ್ಯಾಟ್ ಎಳೆಯುತ್ತದೆ. ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್ ಬೇಕು. ಮನೆಯ ಮಾಮೂಲಿ ಇನ್ವರ್ಟರ್‌ಗೆ ಇದು ಹೊರಲಾರದ ಹೊರೆ. ಗುಡುಗು ಸಿಡಿಲಿನ ದಿನ ಪ್ಲಗ್ ಕಳಚಿಡಿ.

3. ನಮ್ಮ ಪಾತ್ರೆ ಹಿಡಿಸುತ್ತದೆಯೇ? "12 ಮಂದಿಯ ಸೆಟ್ಟಿಂಗ್" ಎಂಬುದು ಯುರೋಪಿನ ತಟ್ಟೆ, ಬಟ್ಟಲು, ಚಮಚದ ಲೆಕ್ಕ. ನಾಲ್ಕೈದು ಮಂದಿಯ ನಮ್ಮ ಮನೆಗೆ ಅದೇ ಸರಿಯಾದ ಅಳತೆ. ಅಂಗಡಿಗೆ ಹೋಗುವಾಗ ಮನೆಯ ದೊಡ್ಡ ಅನ್ನದ ಪಾತ್ರೆಯನ್ನೂ ಬಾಣಲೆಯನ್ನೂ ಒಯ್ದು ಇಟ್ಟೇ ನೋಡಿ. ನಾಚಿಕೆ ಬೇಡ. ಮೇಲಿನ ಅಟ್ಟೆ ಏರಿಸಿ ಇಳಿಸಲು ಬರುತ್ತದೆಯೇ ಎಂದೂ ನೋಡಿ.

4. ಬಿಸಿ ಎಷ್ಟು? ಜಿಡ್ಡಿನ ಪಾತ್ರೆಗೆ 65ರಿಂದ 70 ಡಿಗ್ರಿಯ ಪ್ರೋಗ್ರಾಂ ಬೇಕು. ಕೆಲವು ಕಂಪನಿಗಳು ಅದಕ್ಕೆ ಕಡಾಯಿ ಎಂದೇ ಹೆಸರಿಟ್ಟಿವೆ. ಹೆಸರು ನೋಡಬೇಡಿ, ಡಿಗ್ರಿ ನೋಡಿ.

5. ಕೆಟ್ಟರೆ ಬರುವವರು ಯಾರು? ಪುಂಜಾಲಕಟ್ಟೆ ಬಿ.ಸಿ.ರೋಡಿನಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿದೆ. ಸರ್ವಿಸ್ ಸೆಂಟರ್ ಇರುವುದು ಮಂಗಳೂರಿನಲ್ಲಾದರೆ ಇಲ್ಲಿಯ ತನಕ ಬರುತ್ತಾರೆಯೇ, ಬಂದರೆ ಬರುವುದಕ್ಕೇ ಎಷ್ಟು, ಬಿಡಿಭಾಗ ಎಷ್ಟು ದಿನಕ್ಕೆ ಸಿಗುತ್ತದೆ ಎಂದು ಹಣ ಕೊಡುವ ಮೊದಲೇ ಕೇಳಿ. ರಿಯಾಯಿತಿಗಿಂತ ಇದು ದೊಡ್ಡದು.

ಅಮ್ಮನ ಯಂತ್ರ ಏನಾಯಿತು?

ನಾವು ಹೇಳಿದಂತೆ ಅವರು ಸೋಪು, ಬಾಟಲಿಯಲ್ಲಿ ಬಾವಿ ನೀರು ಪರೀಕ್ಷಿಸಿದರು. ನೊರೆ ಮುಚ್ಚಳ ಮುಟ್ಟಿತು. ಲಿಂಬೆ ಹಚ್ಚಿದ ಲೋಟ ಮಸುಕಾಗಿಯೇ ಉಳಿಯಿತು. ಯಂತ್ರದಲ್ಲಿ ದೋಷ ಏನೂ ಇರಲಿಲ್ಲ. ಗಡಸುತನದ ಸೆಟ್ಟಿಂಗ್ ಕೆಳಗಿಳಿಸಿ, ಮಾತ್ರೆ ಬಿಟ್ಟು ಕಡಿಮೆ ಪುಡಿಗೆ ಬದಲಾದರು. ಹಳೆಯ ಲೋಟಗಳು ಮತ್ತೆ ಹೊಳೆಯುವುದಿಲ್ಲ, ಅವನ್ನು ದಿನಬಳಕೆಗೆ ಇಟ್ಟುಕೊಂಡಿದ್ದಾರೆ. ಹೊಸ ಲೋಟಗಳು ಸದ್ಯಕ್ಕೆ ತಿಳಿಯಾಗಿವೆ. ಅಮ್ಮ ಮತ್ತೆ ಯಂತ್ರ ಬಳಸುತ್ತಿದ್ದಾರೆ.

ಮಗಳು ಕೊಟ್ಟ ಸಲಹೆ ಸುಳ್ಳಾಗಿರಲಿಲ್ಲ, ಅದು ಬೇರೆ ಊರಿನ ನೀರಿನದಾಗಿತ್ತು. ಮನೆ ಉಪಾಯದ ಸಂದೇಶಗಳನ್ನು ಕಳಿಸುವವರು ಹೆಚ್ಚಾಗಿ ಪ್ರೀತಿಯಿಂದಲೇ ಕಳಿಸುತ್ತಾರೆ. ಹಾಗಾಗಿ ಮುಂದಿನ ಸಲ ಇಂಥದ್ದನ್ನು ಹಂಚುವಾಗ ಒಂದು ಸಾಲು ಸೇರಿಸಿ: "ನಮ್ಮದು ಬೋರ್‌ವೆಲ್ ನೀರು" ಅಥವಾ "ನಮ್ಮದು ಬಾವಿ ನೀರು". ಓದುವವರಿಗೆ ಅದು ತಮ್ಮ ಮನೆಗೆ ಹೊಂದುತ್ತದೆಯೇ ಎಂದು ಯೋಚಿಸಲು ಅಷ್ಟು ಸಾಕು.